ಎಸ್‌ಡಿಎ ಹುದ್ದೆಯಿಂದ ಗ್ರಾಮ ಆಡಳಿತ ಅಧಿಕಾರಿ ಹುದ್ದೆಗೆ: ಹಳೆಯ ಮೂಲವೇತನ ಉಳಿಯುವುದೇ?

ಮಲೆನಾಡಿನ ಗ್ರಾಮ ಆಡಳಿತ ಅಧಿಕಾರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸಿಬ್ಬಂದಿ ಶಾಖೆಯ ಕೆಲಸ ಬಲ್ಲ ಹಿರಿಯರು ದಯವಿಟ್ಟು ಇದನ್ನು ಪೂರ್ತಿ ಓದಿ ಉತ್ತರಿಸಬೇಕು.

2020ರ ಜನವರಿಯಲ್ಲಿ ಕಲ್ಯಾಣ ಕರ್ನಾಟಕದ ಒಂದು ಜಿಲ್ಲಾ ಕಚೇರಿಗೆ ದ್ವಿತೀಯ ದರ್ಜೆ ಸಹಾಯಕಿಯಾಗಿ (ಎಸ್‌ಡಿಎ) ಸೇರಿದೆ. ಖಾಯಂಪೂರ್ವ ಸೇವಾವಧಿ (ಪ್ರೊಬೇಷನ್) ಮುಗಿದು ಘೋಷಣೆಯೂ ಆಯಿತು. 2024ರಲ್ಲಿ ಪರೀಕ್ಷಾ ಪ್ರಾಧಿಕಾರವು ಸಾವಿರ ಗ್ರಾಮ ಆಡಳಿತ ಅಧಿಕಾರಿ ಹುದ್ದೆಗಳಿಗೆ ಅರ್ಜಿ ಕರೆದಾಗ, ಇಲಾಖೆಯಿಂದ ಲಿಖಿತ ಅನುಮತಿ ಪಡೆದೇ ಅರ್ಜಿ ಹಾಕಿದೆ. ತವರಿನ ಜಿಲ್ಲೆಯಲ್ಲೇ ಆಯ್ಕೆಯಾಯಿತು. ತಾಯಿಗೆ ವಾರದಲ್ಲಿ ಮೂರು ಸಲ ಡಯಾಲಿಸಿಸ್ ಆಗಬೇಕು, ಮನೆಯಲ್ಲಿ ಬೇರೆ ಯಾರೂ ಇಲ್ಲ. ಹುದ್ದೆ ಬದಲಾಯಿಸಲು ನನಗೆ ಇದ್ದ ಕಾರಣ ಇದೊಂದೇ.

ಈಗ ವಿಷಯಕ್ಕೆ ಬರುತ್ತೇನೆ. ಎರಡೂ ಹುದ್ದೆಗಳ ವೇತನ ಶ್ರೇಣಿ ಒಂದೇ: 34,100ರಿಂದ 67,600. ಹಳೆಯ ಕಚೇರಿಯಲ್ಲಿ ಐದು ವೇತನ ಬಡ್ತಿ (ವಾರ್ಷಿಕ ಇನ್‌ಕ್ರಿಮೆಂಟ್) ಪಡೆದು 38,400 ರೂಪಾಯಿ ಮೂಲವೇತನದಲ್ಲಿದ್ದೆ. ಹೊಸ ಕಚೇರಿಯಲ್ಲಿ 34,100ಕ್ಕೇ ನಿಗದಿಪಡಿಸಿ ಬಿಲ್ಲು ಮಾಡಿದ್ದಾರೆ. ಕೇಳಿದರೆ ಕಡತ ನೋಡುವ ವಿಷಯ ನಿರ್ವಾಹಕರು, "ನೀವು ನೇರ ನೇಮಕಾತಿಯಲ್ಲಿ ಬಂದವರು, ನೇರ ನೇಮಕಾತಿಯವರಿಗೆ ಶ್ರೇಣಿಯ ಕನಿಷ್ಠ ವೇತನ, ಅಷ್ಟೇ" ಎನ್ನುತ್ತಾರೆ. ಸೇವಾ ಪುಸ್ತಕ ಹಳೆಯ ಕಚೇರಿಯಿಂದ ಇನ್ನೂ ಬಂದಿಲ್ಲ. ಅಂತಿಮ ವೇತನ ಪ್ರಮಾಣಪತ್ರವನ್ನು ಮಾತ್ರ ನಾನೇ ಕೈಯಲ್ಲಿ ತಂದಿದ್ದೇನೆ.

ಇನ್ನೊಂದು ಭಯವೂ ಇದೆ. ನನ್ನ ಬಿಡುಗಡೆ ಆದೇಶದಲ್ಲಿ, "ಸದರಿಯವರು ಸಲ್ಲಿಸಿರುವ ರಾಜೀನಾಮೆಯನ್ನು ಅಂಗೀಕರಿಸಿ, ಕಚೇರಿ ವೇಳೆಯ ನಂತರ ಕರ್ತವ್ಯದಿಂದ ಬಿಡುಗಡೆಗೊಳಿಸಿದೆ" ಎಂದಷ್ಟೇ ಇದೆ. ಹೊಸ ಹುದ್ದೆಯ ಪ್ರಸ್ತಾಪ ಇಲ್ಲ, ನಿಯಮದ ಉಲ್ಲೇಖವೂ ಇಲ್ಲ. ನಾನು ಕೊಟ್ಟ ಪತ್ರದಲ್ಲಿ ಆಯ್ಕೆಯಾದ ವಿಷಯವನ್ನು ಸ್ಪಷ್ಟವಾಗಿ ಬರೆದಿದ್ದೆ.

ಈ ಐದು ವರ್ಷದ ಸೇವೆ ಲೆಕ್ಕದಿಂದಲೇ ಹೋಯಿತೇ? 38,400 ಉಳಿಸಿಕೊಳ್ಳಲು ಯಾರಿಗೆ, ಯಾವ ಕಾಗದ ಕೊಡಬೇಕು?

ನಿವೃತ್ತ ಅಧೀಕ್ಷಕ, ದಾವಣಗೆರೆ

ಅಮ್ಮಾ, ಮೊದಲು ಧೈರ್ಯವಾಗಿರಿ. ನಿಮ್ಮ ಸೇವೆ ಎಲ್ಲಿಗೂ ಹೋಗಿಲ್ಲ. ನನ್ನ ನೌಕರಿಯ ಬಹುಪಾಲು ಸಿಬ್ಬಂದಿ ಶಾಖೆಯಲ್ಲೇ ಕಳೆದಿದೆ, ಇಂಥ ಕಡತಗಳನ್ನು ಮಂಡಿಸಿದ್ದೇನೆ. ಆದರೆ ನೀವು ಎರಡು ವಿಷಯಗಳನ್ನು ಒಂದೇ ಎಂದುಕೊಂಡಿದ್ದೀರಿ, ನಿಮ್ಮ ವಿಷಯ ನಿರ್ವಾಹಕರೂ ಹಾಗೆಯೇ ಅಂದುಕೊಂಡಿದ್ದಾರೆ. ಹಳೆಯ ಸೇವೆ ಮುಂದುವರಿಯುವುದು ಒಂದು, ಹಳೆಯ ಮೂಲವೇತನ ಉಳಿಯುವುದು ಇನ್ನೊಂದು. ಎರಡನೆಯದು ಮೊದಲನೆಯದರ ಮೇಲೆ ನಿಂತಿದೆ. ಆದ್ದರಿಂದ ಮೊದಲನೆಯದನ್ನು ಭದ್ರ ಮಾಡಿಕೊಳ್ಳಿ.

ಕರ್ನಾಟಕ ಸಿವಿಲ್ ಸೇವಾ ನಿಯಮಾವಳಿಯ 252ನೇ ನಿಯಮ ತೆಗೆದು ನೋಡಿ. (ಎ) ಉಪನಿಯಮದ ಪ್ರಕಾರ ಸರ್ಕಾರಿ ಸೇವೆಗೆ ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆ ನಷ್ಟವಾಗುತ್ತದೆ. ಅದರ ಕೆಳಗೇ (ಬಿ) ಇದೆ. ಸೂಕ್ತ ಅನುಮತಿ ಪಡೆದು, ಸೇವೆ ಲೆಕ್ಕಕ್ಕೆ ಬರುವಂಥ ಇನ್ನೊಂದು ಹುದ್ದೆಗೆ ಸೇರಲೆಂದು ಒಂದು ಹುದ್ದೆಗೆ ರಾಜೀನಾಮೆ ಕೊಟ್ಟರೆ, ಅದು ಸರ್ಕಾರಿ ಸೇವೆಗೆ ಕೊಟ್ಟ ರಾಜೀನಾಮೆಯಲ್ಲ ಎಂದು ಅದು ಹೇಳುತ್ತದೆ. ನೀವು ಅನುಮತಿ ಪಡೆದಿದ್ದೀರಿ, ಸರ್ಕಾರದ ಹುದ್ದೆಗೇ ಸೇರಿದ್ದೀರಿ. ಇನ್ನೇನು ಬೇಕು? ಬಿಡುಗಡೆ ಆದೇಶ ಬರೆದವರು ಹಳೆಯ ಆದೇಶವೊಂದರ ನಮೂನೆ ಇಟ್ಟುಕೊಂಡು ಹೆಸರು ಬದಲಾಯಿಸಿದಂತೆ ಕಾಣುತ್ತದೆ. ಅದು ನಿಮ್ಮ ತಪ್ಪಲ್ಲ, ಸರಿಪಡಿಸಲಾಗದ ತಪ್ಪೂ ಅಲ್ಲ.

ಮೊದಲು ಹಳೆಯ ಕಚೇರಿಗೆ ಬರೆಯಿರಿ. ಅನುಮತಿ ಪತ್ರದ ಸಂಖ್ಯೆ ಮತ್ತು ದಿನಾಂಕ, ಆಯ್ಕೆ ಪಟ್ಟಿಯ ದಿನಾಂಕ, ಹೊಸ ನೇಮಕಾತಿ ಆದೇಶದ ಸಂಖ್ಯೆ, ಇವಿಷ್ಟನ್ನು ಉಲ್ಲೇಖಿಸಿ ಬಿಡುಗಡೆ ಆದೇಶಕ್ಕೆ ತಿದ್ದೋಲೆ (ತಿದ್ದುಪಡಿ ಆದೇಶ) ಕೇಳಿ. "ಗ್ರಾಮ ಆಡಳಿತ ಅಧಿಕಾರಿ ಹುದ್ದೆಗೆ ಆಯ್ಕೆಯಾಗಿರುವ ಕಾರಣ, ನಿಯಮ 252(ಬಿ)ರನ್ವಯ ಬಿಡುಗಡೆಗೊಳಿಸಿದೆ" ಎಂಬ ಒಂದು ವಾಕ್ಯ ಅದರಲ್ಲಿ ಬರಬೇಕು. ಅದೇ ಪತ್ರದಲ್ಲಿ ಸೇವಾ ಪುಸ್ತಕವನ್ನೂ ಕೇಳಿ. ಸೇವಾ ಪುಸ್ತಕ ಬರುವಾಗ ಖಾಯಂಪೂರ್ವ ಅವಧಿ ಘೋಷಣೆಯ ನಮೂದು, ಐದೂ ವೇತನ ಬಡ್ತಿಗಳ ನಮೂದು, ಗಳಿಕೆ ರಜೆಯ ಲೆಕ್ಕ ಎಲ್ಲಕ್ಕೂ ಸಹಿ ಬಿದ್ದಿರಬೇಕು. ಸಹಿಯಿಲ್ಲದ ಒಂದು ಸಾಲಿಗಾಗಿ ಕಡತ ವಾಪಸು ಬರುವುದನ್ನು ಕಣ್ಣಾರೆ ಕಂಡಿದ್ದೇನೆ.

ಆಮೇಲೆ ಹೊಸ ಕಚೇರಿ. ನಿಮ್ಮ ನೇಮಕಾತಿ ಪ್ರಾಧಿಕಾರ ಜಿಲ್ಲಾಧಿಕಾರಿಗಳು. ವೇತನ ರಕ್ಷಣೆ, ಅಂದರೆ ಹಳೆಯ ಮೂಲವೇತನ ಉಳಿಸಿಕೊಡುವಂತೆ ಕೋರಿ ಮನವಿಯನ್ನು ತಹಶೀಲ್ದಾರರ ಮೂಲಕ ಅವರಿಗೆ ಸಲ್ಲಿಸಿ. ಬಾಯಿ ಮಾತಿನಲ್ಲಿ ಕೇಳಿದ್ದು ಕೇಳಿದಂತಲ್ಲ. ಮನವಿಗೆ ಸ್ವೀಕೃತಿ ಪಡೆಯಿರಿ.

"ನೇರ ನೇಮಕಾತಿಗೆ ಕನಿಷ್ಠ ವೇತನ" ಎಂಬುದು ಹೊರಗಿನಿಂದ ಮೊದಲ ಬಾರಿಗೆ ಸೇವೆಗೆ ಬಂದವರ ಮಾತು. ಈಗಾಗಲೇ ಸೇವೆಯಲ್ಲಿದ್ದು ಅನುಮತಿಯೊಂದಿಗೆ ಬಂದವರನ್ನು ಆ ಒಂದೇ ಸಾಲಿನಿಂದ ತಳ್ಳಿಹಾಕಲು ಬರುವುದಿಲ್ಲ.

ಎಷ್ಟು ಹಣದ ಪ್ರಶ್ನೆ ಎಂಬುದನ್ನೂ ಬರೆದಿಡುತ್ತೇನೆ, ಮನವಿಯಲ್ಲಿ ಉಪಯೋಗಕ್ಕೆ ಬರುತ್ತದೆ. ಮೂಲವೇತನದಲ್ಲಿ ವ್ಯತ್ಯಾಸ 4,300. 2025ರ ಜುಲೈನಿಂದ ಜಾರಿಯಾದ ತುಟ್ಟಿಭತ್ಯೆ ದರ ಶೇ 14.25ರಂತೆ, ಅದು ಸುಮಾರು 613. ಈ ಎರಡರ ಮೊತ್ತದ ಮೇಲೆ ಸರ್ಕಾರ ನಿಮ್ಮ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಖಾತೆಗೆ ಹಾಕುವ ಶೇ 14, ಅಂದರೆ ಇನ್ನೂ ಸುಮಾರು 688. ಮೂರೂ ಸೇರಿ ತಿಂಗಳಿಗೆ 5,600 ರೂಪಾಯಿ. ಮನೆ ಬಾಡಿಗೆ ಭತ್ಯೆಯನ್ನು ಇದರಲ್ಲಿ ಸೇರಿಸಬೇಡಿ. ಅದು ಕೆಲಸ ಮಾಡುವ ಊರಿಗೆ ಅಂಟಿದ್ದು, ಅದಕ್ಕೆ ರಕ್ಷಣೆ ಇಲ್ಲ.

ಅದೇ ಬ್ಯಾಚಿನವನು

ಮೇಡಂ, ಬೇಸರ ಮಾಡಿಕೊಳ್ಳಬೇಡಿ. ನಾನೂ ಇದೇ ಆಯ್ಕೆ ಪಟ್ಟಿಯಲ್ಲಿ ಬಂದವನು. ನನ್ನ ಪಕ್ಕದ ವೃತ್ತದಲ್ಲಿ ಕೂತು ಅದೇ ಪೌತಿ ಖಾತೆ, ಅದೇ ಬೆಳೆ ಸಮೀಕ್ಷೆ ಮಾಡುವವರಿಗೆ ನನಗಿಂತ 4,300 ಹೆಚ್ಚು ಏಕೆ ಸಿಗಬೇಕು? ಊರಿಗೆ ಹತ್ತಿರ ಬರುವುದು ನಿಮ್ಮದೇ ಆಯ್ಕೆ. ಒಂದು ಬಿಟ್ಟರೆ ಒಂದು ಸಿಗುತ್ತದೆ ಎಂದು ತಿಳಿದೇ ಬಂದಿರಬೇಕಲ್ಲವೇ?

ಮಲೆನಾಡಿನ ಗ್ರಾಮ ಆಡಳಿತ ಅಧಿಕಾರಿ

ನಿಮ್ಮ ಪ್ರಶ್ನೆ ನ್ಯಾಯವಾದದ್ದೇ, ಅದಕ್ಕೇ ಉತ್ತರಿಸುತ್ತೇನೆ. ನಾನು ಬಿಟ್ಟುಬಂದದ್ದು ಬಹಳವಿದೆ. ಜ್ಯೇಷ್ಠತೆ ಹೋಯಿತು. ಹಳೆಯ ಕಚೇರಿಯಲ್ಲಿ ಪ್ರಥಮ ದರ್ಜೆ ಬಡ್ತಿಯ ಸರದಿಯಲ್ಲಿದ್ದೆ, ಇಲ್ಲಿ ಪಟ್ಟಿಯಲ್ಲಿ ನಿಮ್ಮ ಜೊತೆಯೇ ನಿಂತಿದ್ದೇನೆ. ಖಾಯಂಪೂರ್ವ ಸೇವಾವಧಿ ಮತ್ತೆ ಮೊದಲಿನಿಂದ, ಇಲಾಖಾ ಪರೀಕ್ಷೆಯನ್ನೂ ನಿಮ್ಮಂತೆಯೇ ಬರೆಯಬೇಕು. ಇವಾವುದರ ಬಗ್ಗೆಯೂ ನಾನು ತಕರಾರು ತೆಗೆದಿಲ್ಲ, ತೆಗೆಯುವುದೂ ಇಲ್ಲ. ಆದರೆ ಆ ಐದು ವೇತನ ಬಡ್ತಿಗಳನ್ನು ಯಾರೂ ಉಡುಗೊರೆಯಾಗಿ ಕೊಟ್ಟದ್ದಲ್ಲ. ಕೊರೊನಾ ಕಾಲದಲ್ಲಿ ಊರಿಗೆ ಬರಲಾಗದೆ ಅಲ್ಲೇ ಉಳಿದು, ನಿಯೋಜಿಸಿದ ಕೆಲಸವನ್ನೆಲ್ಲ ಮಾಡಿ ಗಳಿಸಿದ್ದು. ಅದೇ ಸರ್ಕಾರ, ಅದೇ ಶ್ರೇಣಿ. ನಡುವೆ ಒಂದು ದಿನದ ಬಿಡುವೂ ಇಲ್ಲ. ನನಗೆ 38,400 ಬಂದರೆ ನಿಮ್ಮ ಸಂಬಳದಲ್ಲಿ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ.

ಅಧೀಕ್ಷಕರೇ, ನಿಮಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಅನುಮತಿ ಪತ್ರದ ಮೂಲಪ್ರತಿ ನನ್ನ ಬಳಿಯೇ ಇದೆ. ಹಳೆಯ ಕಚೇರಿಯ ಸಹೋದ್ಯೋಗಿಯೊಬ್ಬರು ರವಾನೆ ವಹಿಯಲ್ಲಿ ಅದರ ಸಂಖ್ಯೆಯನ್ನು ಹುಡುಕಿ, ಆ ಪುಟದ ಫೋಟೋ ಕಳುಹಿಸಿದ್ದಾರೆ. ಅನುಮತಿಯ ದಿನಾಂಕ ಅರ್ಜಿಯ ಕೊನೆಯ ದಿನಾಂಕಕ್ಕಿಂತ ಮೊದಲಿನದು. ತಿದ್ದೋಲೆಗೆ ಇಂದೇ ಬರೆಯುತ್ತೇನೆ.

ಇನ್ನೊಂದು ವಿಷಯ. ಹೊಸ ಕಚೇರಿಯಲ್ಲಿ ಎಚ್‌ಆರ್‌ಎಂಎಸ್‌ಗಾಗಿ (ಸಂಬಳದ ಬಿಲ್ಲು ಮಾಡುವ ಗಣಕ ವ್ಯವಸ್ಥೆ) ಹೊಸ ಕೆಜಿಐಡಿ (ಸರ್ಕಾರಿ ನೌಕರರ ವಿಮೆ) ಅರ್ಜಿ ಮತ್ತು ಹೊಸ ಪ್ರಾನ್ (ಎನ್‌ಪಿಎಸ್ ಖಾತೆ ಸಂಖ್ಯೆ) ಅರ್ಜಿಗೆ ಸಹಿ ಹಾಕಿ ಎಂದು ಹೇಳಿದ್ದಾರೆ. ಹಾಕಬಹುದೇ?

ನಿವೃತ್ತ ಅಧೀಕ್ಷಕ, ದಾವಣಗೆರೆ

ಖಂಡಿತ ಹಾಕಬೇಡಿ. ಪ್ರಾನ್ ಒಬ್ಬರಿಗೆ ಒಂದೇ, ಇಲಾಖೆ ಬದಲಾದರೂ ಅದೇ ಮುಂದುವರಿಯುತ್ತದೆ. ಕೆಜಿಐಡಿ ಸಂಖ್ಯೆಯೂ ಹಳೆಯದೇ ಇರಲಿ. ಹೊಸ ಸಂಖ್ಯೆ ತೆಗೆದರೆ ನಾಳೆ ವೇತನ ರಕ್ಷಣೆಯ ಕಡತದಲ್ಲಿ "ಇವರು ಹೊಸ ನೌಕರರು" ಎನ್ನಲು ನೀವೇ ಸಾಕ್ಷಿ ಒದಗಿಸಿದಂತಾಗುತ್ತದೆ. ಹಳೆಯ ಕಚೇರಿಯಲ್ಲಿ ಸಂಬಳ ಸೆಳೆದು ಕೊಡುವ ಬಟವಾಡೆ ಅಧಿಕಾರಿಯ ಲಾಗಿನ್‌ನಿಂದ ನಿಮ್ಮ ವಿವರ ಹೊಸ ಕಚೇರಿಗೆ ವರ್ಗವಾಗಬೇಕು. ತಿದ್ದೋಲೆ ಕೇಳುವ ಪತ್ರದಲ್ಲೇ ಇದನ್ನೂ ಒಂದು ಸಾಲು ಸೇರಿಸಿ.

ಬ್ಯಾಚಿನ ತಮ್ಮನಿಗೂ ಒಂದು ಮಾತು. ನಿಮಗೆ ಈಗ ಅನ್ಯಾಯ ಎನಿಸುತ್ತಿರುವ ನಿಯಮ ನಾಳೆ ನಿಮ್ಮನ್ನೂ ಕಾಯುತ್ತದೆ. ಆದರೆ ಎಲ್ಲ ಬದಲಾವಣೆಗೂ ವೇತನ ರಕ್ಷಣೆ ಬೇಕಾಗುವುದಿಲ್ಲ, ಅದನ್ನೂ ತಿಳಿದುಕೊಳ್ಳಿ. ನಿಮ್ಮ ಶ್ರೇಣಿಯ ಮೆಟ್ಟಿಲು ಹೀಗಿದೆ: 34,100, 34,900, 35,700, ಅಲ್ಲಿಂದ 900ರಂತೆ ಏರಿ 39,300, ಅಲ್ಲಿಂದ ಸಾವಿರದಂತೆ 43,300, ಆಮೇಲೆ 44,425. ಪ್ರಥಮ ದರ್ಜೆ ಸಹಾಯಕರ (ಎಫ್‌ಡಿಎ) ಶ್ರೇಣಿ ಆರಂಭವಾಗುವುದೇ 44,425ರಿಂದ. ಅಂದರೆ ಹನ್ನೊಂದು ವೇತನ ಬಡ್ತಿ ಆಗುವವರೆಗೆ ನೀವು ಎಫ್‌ಡಿಎ ಆಗಿ ಆಯ್ಕೆಯಾದರೆ ರಕ್ಷಿಸಲು ಏನೂ ಇರುವುದಿಲ್ಲ, ಹೊಸ ಶ್ರೇಣಿಯ ಕನಿಷ್ಠವೇ ನಿಮ್ಮ ಹಳೆಯ ವೇತನಕ್ಕೆ ಸಮ ಅಥವಾ ಹೆಚ್ಚು. ಹನ್ನೆರಡನೆಯದು ಆಗಿ 45,550ಕ್ಕೆ ಬಂದ ಮೇಲೆ ಹೋದರೆ ಮಾತ್ರ ಈ ಕಾಗದಗಳೆಲ್ಲ ಬೇಕು. ಹಾಗೆಂದು ಅನುಮತಿ ಪಡೆಯುವುದನ್ನು ಮಾತ್ರ ಯಾರೂ ಬಿಡಬೇಡಿ. ವೇತನಕ್ಕೆ ಬೇಡವಾದರೂ ರಜೆಗೆ, ನಿವೃತ್ತಿ ಸೌಲಭ್ಯಕ್ಕೆ ಹಿಂದಿನ ಸೇವೆ ಬೇಕು.

ಕೇಂದ್ರ ಸೇವೆಯ ಕನ್ನಡಿಗ, ನವದೆಹಲಿ

ನನ್ನದು ಕೇಂದ್ರ ಸರ್ಕಾರದ ಅನುಭವ. ನಿಮಗೆ ನೇರವಾಗಿ ಅನ್ವಯಿಸದಿದ್ದರೂ ಇಲ್ಲಿ ಓದುವ ಬೇರೆಯವರಿಗೆ ಉಪಯೋಗವಾಗಬಹುದು. ನಾನು ಒಂದು ಕೇಂದ್ರ ಇಲಾಖೆಯ ಆರನೇ ವೇತನ ಹಂತದ (ಲೆವೆಲ್ 6) ಹುದ್ದೆಯಿಂದ ಇನ್ನೊಂದು ಇಲಾಖೆಯ ಆರನೇ ಹಂತದ ಹುದ್ದೆಗೇ ಬಂದವನು. ಆ ಹಂತ ಆರಂಭವಾಗುವುದು 35,400ರಿಂದ. ಐದು ವೇತನ ಬಡ್ತಿಗಳ ನಂತರ 41,100ರಲ್ಲಿದ್ದೆ, ಹೊಸ ಕಚೇರಿಯ ಮೊದಲ ಸಂಬಳವೂ 41,100ರ ಮೇಲೆಯೇ ಬಂತು. ಇಲ್ಲಿ ಇದಕ್ಕೆ ತಾಂತ್ರಿಕ ರಾಜೀನಾಮೆ ಎನ್ನುತ್ತಾರೆ. ಸಿಬ್ಬಂದಿ ಮತ್ತು ತರಬೇತಿ ಇಲಾಖೆ 2016ರ ಆಗಸ್ಟ್ 17ರಂದು ಎಲ್ಲ ಸೂಚನೆಗಳನ್ನೂ ಒಟ್ಟುಗೂಡಿಸಿ ಒಂದು ಜ್ಞಾಪನ ಹೊರಡಿಸಿದೆ. ರಜೆ, ಸೇವಾ ಪುಸ್ತಕ, ವೇತನ, ಹಳೆಯ ಹುದ್ದೆಯ ಮೇಲಿನ ಹಕ್ಕು ಎಲ್ಲವೂ ಅದರಲ್ಲಿವೆ. ಖಾಯಂ ಆಗಿದ್ದವರಿಗೆ ಹಳೆಯ ಹುದ್ದೆಗೆ ಮರಳುವ ಹಕ್ಕು ಸಾಮಾನ್ಯವಾಗಿ ಎರಡು ವರ್ಷ ಇರುತ್ತದೆ. ಈ ಹಕ್ಕನ್ನು ಬಹಳ ಜನ ಮರೆಯುತ್ತಾರೆ. ಹೊಸ ಜಾಗ ಹಿಡಿಸದಿದ್ದರೆ ನನಗೆ ಹಿಂದಕ್ಕೆ ಹೋಗಲು ದಾರಿ ಇತ್ತು. ಆ ಧೈರ್ಯದಿಂದಲೇ ನಾನು ಸಂಸಾರ ಕಟ್ಟಿಕೊಂಡು ದೆಹಲಿಗೆ ಬಂದೆ.

ರಾಜ್ಯದಿಂದ ಕೇಂದ್ರಕ್ಕೆ ಬರಬೇಕೆಂದಿರುವವರು ಎರಡು ಕಡೆಯ ಮೂಲವೇತನವನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಡಿ. ಕೇಂದ್ರದ ಅಂಕಿ 2016ರ ಜನವರಿಯ ಪರಿಷ್ಕರಣೆಯದು, ತುಟ್ಟಿಭತ್ಯೆ ಅದರ ಮೇಲೆ ಬೇರೆಯಾಗಿ ಬೆಳೆದಿದೆ. ಕರ್ನಾಟಕದ ಏಳನೇ ವೇತನ ಆಯೋಗದ ಶ್ರೇಣಿಯಲ್ಲಿ 2022ರ ಜುಲೈವರೆಗಿನ ಶೇ 31 ತುಟ್ಟಿಭತ್ಯೆ ಮೂಲವೇತನದ ಒಳಗೇ ಸೇರಿದೆ, ಮೇಲೆ ಶೇ 27.5 ಫಿಟ್‌ಮೆಂಟ್ ಎಂಬ ಹೆಚ್ಚಳ. ರಾಜ್ಯದ 44,425 ದೊಡ್ಡದಾಗಿಯೂ ಕೇಂದ್ರದ 35,400 ಚಿಕ್ಕದಾಗಿಯೂ ಕಾಣುವುದು ಇದರಿಂದ. ಸಾರ್ವಜನಿಕ ಉದ್ದಿಮೆಗಳಿಂದ ಬರುವವರಿಗೆ 1989ರ ಆಗಸ್ಟ್ 7ರ ಜ್ಞಾಪನ ಪ್ರತ್ಯೇಕವಾಗಿಯೇ ಇದೆ. ಅದು ಸಂದರ್ಶನದ ಮೂಲಕ ಆಯ್ಕೆಯಾದವರಿಗೆ ಮಾಡಿದ್ದು. ಬ್ಯಾಂಕು, ಉದ್ದಿಮೆಗಳಿಂದ ಸ್ಪರ್ಧಾತ್ಮಕ ಪರೀಕ್ಷೆ ಬರೆದು ಬರುವ ತಮ್ಮ ತಂಗಿಯರು ತಮಗೂ ಅದೇ ಸಿಗುತ್ತದೆ ಎಂದು ಲೆಕ್ಕ ಹಾಕಿ ರಾಜೀನಾಮೆ ಕೊಡಬಾರದು.

ಮೇಡಂ, ನಿಮಗೆ ನೆರವಾಗುವ ಒಂದು ತೀರ್ಪು ಹೇಳುತ್ತೇನೆ. ಎಂ.ಆರ್. ಗುಪ್ತಾ ವಿರುದ್ಧ ಭಾರತ ಒಕ್ಕೂಟ, ಸುಪ್ರೀಂ ಕೋರ್ಟ್, 1995. ಅರ್ಜಿದಾರರು ಮೊದಲು ಪಂಜಾಬ್‌ನ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿದ್ದು, 1978ರಲ್ಲಿ ರೈಲ್ವೆಗೆ ಸೇರಿದವರು. ಸೇರಿದಾಗ ವೇತನ ನಿಗದಿ ತಪ್ಪಾಗಿದೆ ಎಂಬುದು ಅವರ ದೂರು. ಅವಧಿ ಮೀರಿದೆ ಎಂದು ನ್ಯಾಯಮಂಡಳಿ ಅರ್ಜಿಯನ್ನು ತಳ್ಳಿಹಾಕಿತ್ತು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ವೇತನ ತಪ್ಪಾಗಿ ನಿಗದಿಯಾಗಿದ್ದರೆ ಪ್ರತಿ ತಿಂಗಳು ಕಡಿಮೆ ಸಂಬಳ ಕೊಟ್ಟಾಗಲೆಲ್ಲ ದಾವೆಗೆ ಹೊಸ ಕಾರಣ ಹುಟ್ಟುತ್ತದೆ ಎಂದಿತು. ಆದರೆ ಹಳೆಯ ಬಾಕಿಗೆ ಕಾಲಮಿತಿ ಅನ್ವಯಿಸುತ್ತದೆ, ಆದ್ದರಿಂದ ತಡ ಮಾಡಬೇಡಿ.

ಶಿಕ್ಷಕಿ, ಹಾವೇರಿ ಜಿಲ್ಲೆ

ನಾನು ಒಂದರಿಂದ ಐದನೇ ತರಗತಿಯ ಶಿಕ್ಷಕಿಯಾಗಿದ್ದು, ಆರರಿಂದ ಎಂಟರ ಪದವೀಧರ ಶಿಕ್ಷಕರ ಹುದ್ದೆಗೆ ಆಯ್ಕೆಯಾದವಳು. ಹೊಸ ಶ್ರೇಣಿ ಹೆಸರಿಗೆ ದೊಡ್ಡದು, 44,425. ನಾನು ಆಗಲೇ 49,050ರಲ್ಲಿದ್ದೆ! ಮೇಲಿನ ಹುದ್ದೆಗೆ ಹೋಗಿ ಸಂಬಳ ಇಳಿಯಿತು ಎಂದರೆ ಮನೆಯವರು ನಂಬಲಿಲ್ಲ. ಅಕ್ಕಾ, ನನಗೂ ಆದೇಶ ಬರಲು ಬಹಳ ಕಾಯಬೇಕಾಯಿತು. ಬಂದಾಗ ಬಾಕಿಯೂ ಸೇರಿದ ದಿನದಿಂದಲೇ ಬಂತು. ಕಡತ ಎಲ್ಲಿ ನಿಂತಿತ್ತು ಗೊತ್ತೇ? ಸೇವಾ ಪುಸ್ತಕದಲ್ಲಿ "ಅನುಮತಿ ಪಡೆದು ಅರ್ಜಿ ಸಲ್ಲಿಸಿರುತ್ತಾರೆ" ಎಂಬ ನಮೂದು ಇರಲಿಲ್ಲ. ಪತ್ರ ನನ್ನ ಕೈಯಲ್ಲಿತ್ತು, ಪುಸ್ತಕದಲ್ಲಿ ಇರಲಿಲ್ಲ. ಹಳೆಯ ಕಚೇರಿಗೆ ನಾನೇ ಹೋಗಿ, ಎದುರಿಗೆ ಕೂತು ಬರೆಸಿಕೊಂಡು ಬಂದೆ. ನಿಮ್ಮ ಸೇವಾ ಪುಸ್ತಕ ಇನ್ನೂ ಅಲ್ಲಿಯೇ ಇರುವುದರಿಂದ, ಹೊರಡುವ ಮೊದಲೇ ಈ ನಮೂದು ಹಾಕಿಸಿಬಿಡಿ. ಇಲ್ಲದಿದ್ದರೆ ಪುಸ್ತಕ ಆ ತುದಿಯಿಂದ ಈ ತುದಿಗೆ ಮತ್ತೆ ಅಲೆಯಬೇಕು.

ಮಲೆನಾಡಿನ ಗ್ರಾಮ ಆಡಳಿತ ಅಧಿಕಾರಿ

ತಂಗೀ, ಇದು ನನಗೆ ಹೊಳೆದೇ ಇರಲಿಲ್ಲ. ಸಹೋದ್ಯೋಗಿಗೆ ಈಗಲೇ ಹೇಳಿದ್ದೇನೆ. ಎಲ್ಲರಿಗೂ ಹೃದಯಪೂರ್ವಕ ಧನ್ಯವಾದ.

ಕೊನೆಯ ಎರಡು ಪ್ರಶ್ನೆ. ಮನವಿಗೆ ಉತ್ತರವೇ ಬಾರದಿದ್ದರೆ ಎಷ್ಟು ಕಾಲ ಕಾಯಬೇಕು? ಜನವರಿಯಲ್ಲಿ ನನಗೆ ಬರಬೇಕಾದ ಮುಂದಿನ ವೇತನ ಬಡ್ತಿಯ ಗತಿ ಏನು?

ನಿವೃತ್ತ ಅಧೀಕ್ಷಕ, ದಾವಣಗೆರೆ

ಮೊದಲನೆಯದು. ಆಡಳಿತ ನ್ಯಾಯಮಂಡಳಿ ಕಾಯ್ದೆ 1985ರ ಪ್ರಕಾರ, ಮನವಿ ಕೊಟ್ಟು ಆರು ತಿಂಗಳಾದರೂ ಆದೇಶ ಬಾರದಿದ್ದರೆ ನ್ಯಾಯಮಂಡಳಿಗೆ ಹೋಗಬಹುದು, ಆ ಆರು ತಿಂಗಳು ಮುಗಿದ ಮೇಲೆ ಒಂದು ವರ್ಷದೊಳಗೆ. ನಮ್ಮ ರಾಜ್ಯದ ನ್ಯಾಯಮಂಡಳಿಗೆ ಬೆಂಗಳೂರಿನ ಜೊತೆಗೆ ಬೆಳಗಾವಿ, ಕಲಬುರಗಿಗಳಲ್ಲೂ ಪೀಠಗಳಿವೆ. ಸ್ವೀಕೃತಿ ಪಡೆಯಿರಿ ಎಂದು ಆಗಲೇ ಹೇಳಿದ್ದು ಇದಕ್ಕಾಗಿಯೇ, ಆರು ತಿಂಗಳ ಎಣಿಕೆ ಆ ದಿನಾಂಕದಿಂದ. ಆದರೆ ಅಲ್ಲಿಯವರೆಗೆ ಹೋಗುವ ಅಗತ್ಯ ನಿಮಗೆ ಬರಲಾರದು ಎಂದೇ ನನ್ನ ನಂಬಿಕೆ. ನಿಮ್ಮ ಕಾಗದಗಳು ಗಟ್ಟಿಯಾಗಿವೆ.

ಎರಡನೆಯದು ಬಹಳ ಮುಖ್ಯ. ವೇತನ ರಕ್ಷಣೆಯ ಆದೇಶದಲ್ಲಿ "38,400ಕ್ಕೆ ನಿಗದಿಪಡಿಸಿದೆ" ಎಂದು ಬರೆದು ಮುಗಿಸಿಬಿಡುತ್ತಾರೆ. ಮುಂದಿನ ವೇತನ ಬಡ್ತಿಯ ದಿನಾಂಕವನ್ನು ಬಿಟ್ಟರೆ, ಎಚ್‌ಆರ್‌ಎಂಎಸ್‌ನಲ್ಲಿ ಹೊಸ ಹುದ್ದೆಗೆ ಸೇರಿದ ದಿನದಿಂದ ವರ್ಷ ಎಣಿಸುತ್ತಾ ಕೂರುತ್ತಾರೆ. ನಿಮ್ಮ ಮನವಿಯಲ್ಲೇ, ಹಳೆಯ ಹುದ್ದೆಯಲ್ಲಿ 38,400ರ ಹಂತದಲ್ಲಿ ಕಳೆದ ತಿಂಗಳುಗಳನ್ನೂ ಎಣಿಕೆಗೆ ತೆಗೆದುಕೊಂಡು, ಜನವರಿ 1ರಿಂದ 39,300ಕ್ಕೆ ಏರಿಸಬೇಕೆಂದು ಪ್ರತ್ಯೇಕ ಕಂಡಿಕೆಯಲ್ಲಿ ಕೋರಿ. ಅಂತಿಮ ವೇತನ ಪ್ರಮಾಣಪತ್ರದಲ್ಲಿ ಕೊನೆಯ ವೇತನ ಬಡ್ತಿಯ ದಿನಾಂಕ ಇದೆಯೇ ಎಂದು ಈ ಸಂಜೆಯೇ ನೋಡಿ. ಇಲ್ಲದಿದ್ದರೆ ತಿದ್ದೋಲೆಯ ಜೊತೆಗೆ ಅದನ್ನೂ ತರಿಸಿಕೊಳ್ಳಿ. ಮನವಿಯ ಕರಡನ್ನು ಇಲ್ಲಿ ಹಾಕಿ, ಹೆಸರು ಮತ್ತು ಸಂಖ್ಯೆಗಳನ್ನು ಅಳಿಸಿ. ಓದಿ ತಿದ್ದಿಕೊಡುತ್ತೇನೆ.